ಕ್ಯಾಶ್ ಅಳಿಸಿದರೆ ಹಸಿರು, ಮರುದಿನ ಮತ್ತೆ ಕೆಂಪು: ಸಿಐನಲ್ಲಿ ಹಳಸಿದ ಕಂಪೈಲರ್ ಕ್ಯಾಶ್

ಕೆಂಪು_ಪೈಪ್‌ಲೈನ್
ಈ ಸಮಸ್ಯೆಯ ಬುಡ ಎಲ್ಲಿದೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ.

ಸಿ, ಸಿ++ ಎರಡೂ ಇರೋ ಪ್ರಾಜೆಕ್ಟ್. ಸುಮಾರು 400 ಸೋರ್ಸ್ ಫೈಲ್. ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗೇ ಬಿಲ್ಡ್, ಟೆಸ್ಟ್ ಓಡಿಸೋ ವ್ಯವಸ್ಥೆ; ಪಾಸಾದರೆ ಹಸಿರು, ಬಿದ್ದರೆ ಕೆಂಪು) ಸಿಕ್ಯಾಶ್ 4ನೇ ಸರಣಿ, ಅಂದರೆ ಒಮ್ಮೆ ಕಂಪೈಲ್ ಆದದ್ದನ್ನು ಉಳಿಸಿಟ್ಟು ಮತ್ತೆ ಕೊಡೋ ಟೂಲ್, ಎಲ್ಲಾ ಬ್ರಾಂಚ್‌ಗಳಿಗೂ ಸೇರಿ ಒಂದೇ ಸಂಗ್ರಹ. ಬಿಲ್ಡ್ ಕಂಟೇನರ್‌ನ ಬೇಸ್ ಇಮೇಜ್ ಬದಲಾಗಿಲ್ಲ, ಕಂಪೈಲರ್ ಜಿಸಿಸಿ ಮಾತ್ರ 11ರಿಂದ 13ಕ್ಕೆ ಏರಿದೆ. ಹಳೇ ಬ್ರಾಂಚ್‌ಗಳು ಇನ್ನೂ 11ರ ಇಮೇಜ್‌ನಲ್ಲೇ ಓಡ್ತಿವೆ.

ಕಂಪೈಲ್ ಹಂತ ಸಲೀಸಾಗಿ ಮುಗಿಯುತ್ತೆ. ಲಿಂಕ್ ಹಂತಕ್ಕೆ ಬಂದಾಗ ಎಲ್‌ಟಿಒ1 (ಲಿಂಕ್ ಸಮಯದ ಆಪ್ಟಿಮೈಸೇಶನ್ ಮಾಡೋ ಜಿಸಿಸಿಯ ಭಾಗ) ನಿಂತುಬಿಡುತ್ತೆ: ಈ ಆಬ್ಜೆಕ್ಟ್ ಫೈಲ್‌ನ ಬೈಟ್‌ಕೋಡ್ ಎಲ್‌ಟಿಒ ಆವೃತ್ತಿ 11ರದ್ದು, ನನಗೆ ಬೇಕಿರೋದು 13ರದ್ದು ಅನ್ನುತ್ತೆ. ಅರ್ಥ ಆಗದೇ ಇರೋದು ಇಷ್ಟೇ: 400ರಲ್ಲಿ ಹೀಗೆ ಕೈ ಕೊಡೋದು ಬರೀ 3 ಫೈಲ್. ಮೂರೂ ಸ್ಕ್ರಿಪ್ಟ್ ಬರೆದುಕೊಡೋ ಟೇಬಲ್ ಫೈಲ್‌ಗಳು, ದೊಡ್ಡ ದೊಡ್ಡ ಅರೇಗಳು. ಉಳಿದವೆಲ್ಲ 13ರಲ್ಲೇ ಹೊಸದಾಗಿ ಕಂಪೈಲ್ ಆಗಿವೆ. ಸಂಗ್ರಹ ಅಳಿಸಿದರೆ ಹಸಿರು. ಯಾವುದಾದರೂ ಹಳೇ ಬ್ರಾಂಚ್ ಒಂದು ಸಲ ಓಡಿದ ಮೇಲೆ ಮತ್ತೆ ಕೆಂಪು.

ಕಾನ್ಫಿಗ್‌ನಲ್ಲಿ ಇರೋದು:

ಕಂಪೈಲರ್_ಚೆಕ್ = ನನ್
ಮ್ಯಾಕ್ಸ್_ಸೈಜ್ = 2ಜಿ
ಸ್ಲಾಪಿನೆಸ್ = ಟೈಮ್_ಮ್ಯಾಕ್ರೋಸ್

ಬೇಗ_ಮುಗಿಸು
ಕ್ಯಾಶ್ ಕೀ (ಸಂಗ್ರಹದಲ್ಲಿ ಹುಡುಕೋಕೆ ಬಳಸೋ ಹೆಸರು) ಮುಂದೆ ವಿ2 ಅಂತ ಸೇರಿಸಿ. ಮುಗೀತು.

ಲಿಂಕರ್_ಕಣ್ಣು
ವಿ2 ಹಾಕಿದರೆ ಇವತ್ತಿಗೆ ಮುಗೀತು, ಜಿಸಿಸಿ 14 ಬಂದ ದಿನ ವಿ3 ಹಾಕ್ತಾ ಕೂರಬೇಕು. ಅದೂ ಯಾರಿಗಾದರೂ ನೆನಪಿದ್ದರೆ.

ಕಾಯಿಲೆ ಕಾನ್ಫಿಗ್‌ನ ಮೊದಲನೇ ಸಾಲಿನಲ್ಲೇ ಇದೆ. ಕಂಪೈಲರ್_ಚೆಕ್ = ನನ್ ಅಂದರೆ ಯಾವ ಕಂಪೈಲರ್ ಅಂತ ನೋಡಲೇಬೇಡ ಅಂತ ಸಿಕ್ಯಾಶ್‌ಗೆ ಹೇಳಿದ ಹಾಗೆ. ಡೀಫಾಲ್ಟ್ ಇರೋದು ಎಂಟೈಮ್, ಅಂದರೆ ಕಂಪೈಲರ್ ಬೈನರಿಯ ಮಾರ್ಪಾಟಿನ ಸಮಯ ಮತ್ತು ಗಾತ್ರ ಎರಡೂ ಹ್ಯಾಶ್‌ಗೆ (ಕೀ ಆಗಿ ಬಳಸೋ ಬೆರಳಚ್ಚಿನಂಥ ಸಂಖ್ಯೆಗೆ) ಹೋಗುತ್ತೆ. ಕಂಟೇನರ್ ಇಮೇಜ್ ಮತ್ತೆ ಮತ್ತೆ ಕಟ್ಟಿದಾಗ ಎಂಟೈಮ್ ಬದಲಾಗಿ ಹಿಟ್ (ಸಂಗ್ರಹದಲ್ಲೇ ಸಿಕ್ಕಿದ್ದು) ಸೊನ್ನೆಗೆ ಇಳಿಯುತ್ತೆ, ಆಗ ಯಾರೋ ನನ್ ಅಂತ ಹಾಕಿಬಿಡ್ತಾರೆ. ಹಿಟ್ ಏರುತ್ತೆ, ಎಲ್ಲರಿಗೂ ಖುಷಿ, ಕಂಪೈಲರ್ ಬದಲಾಗೋ ದಿನದವರೆಗೆ.

ಕೆಂಪು_ಪೈಪ್‌ಲೈನ್
ಹೌದು, ಹಿಟ್ ರೇಟ್‌ಗೋಸ್ಕರವೇ ಆ ಸಾಲು ಸೇರಿದ್ದು. ಆದರೆ ನನ್ ಇದ್ದರೆ 400 ಫೈಲೂ ಹಳೇದೇ ಬರಬೇಕಿತ್ತಲ್ಲ? 3 ಮಾತ್ರ ಯಾಕೆ?

ಲಿಂಕರ್_ಕಣ್ಣು
ಆ ಮೂರು ಫೈಲ್‌ನಲ್ಲಿ ಒಂದಾದರೂ #ಇನ್‌ಕ್ಲೂಡ್ ಇದೆಯಾ ನೋಡಿ ಹೇಳಿ.

ಕೆಂಪು_ಪೈಪ್‌ಲೈನ್
ಇಲ್ಲ! ಒಂದೂ ಇಲ್ಲ. ಕಾನ್ಸ್ಟ್ ಅನ್‌ಸೈನ್ಡ್ ಚಾರ್ ಅರೇ ಅಷ್ಟೇ.

ಲಿಂಕರ್_ಕಣ್ಣು
ಹಾಗಾದರೆ ಲೆಕ್ಕ ಸರಿಹೋಯ್ತು. ಸಿಕ್ಯಾಶ್ ಡೈರೆಕ್ಟ್ ಮೋಡ್‌ನಲ್ಲಿ ಪ್ರತಿ ಸೋರ್ಸ್‌ಗೂ ಒಂದು ಮ್ಯಾನಿಫೆಸ್ಟ್ ಇಟ್ಟುಕೊಂಡಿರುತ್ತೆ. ಹೋದ ಸಲ ಯಾವ ಯಾವ ಹೆಡರ್ ಓದಿತ್ತು, ಅವುಗಳ ಹ್ಯಾಶ್ ಏನು ಅನ್ನೋ ಪಟ್ಟಿ ಅದು. ಸಿ++ ಫೈಲ್ ಒಂದು ವೆಕ್ಟರ್ ಹೆಡರ್ ಸೇರಿಸಿಕೊಂಡರೂ ಸಾಕು, ಪಟ್ಟಿಯಲ್ಲಿ ಜಿಸಿಸಿ 11ರ ಡೈರೆಕ್ಟರಿಯ ಹೆಡರ್‌ಗಳು ಇರ್ತವೆ. ಹೊಸ ಇಮೇಜ್‌ನಲ್ಲಿ ಆ ಡೈರೆಕ್ಟರಿಯೇ ಇಲ್ಲ, ಹಾಗಾಗಿ ಹೊಂದಲ್ಲ. ಆಮೇಲೆ ಪ್ರೀಪ್ರೊಸೆಸ್ ಮಾಡಿ, ಅಂದರೆ ಹೆಡರ್‌ಗಳನ್ನೆಲ್ಲ ಸೇರಿಸಿ ನೋಡಿದರೂ ಔಟ್‌ಪುಟ್ ಬೇರೆ, ಮಿಸ್ (ಸಂಗ್ರಹದಲ್ಲಿ ಸಿಗಲಿಲ್ಲ). ಸಿ ಫೈಲ್‌ಗಳ ಕಥೆಯೂ ಅದೇ. ಸ್ಟಡ್‌ಡೆಫ್.ಎಚ್ ಕೂಡ ಕಂಪೈಲರ್ ಜೊತೆಗೇ ಬರೋ ಹೆಡರ್, ಅದರ ದಾರಿಯಲ್ಲೂ ಆವೃತ್ತಿ ಸಂಖ್ಯೆ ಇದೆ.

ಅಂದರೆ ನಿಮ್ಮ 397 ಫೈಲ್‌ಗಳನ್ನು ಉಳಿಸಿದ್ದು ಹೆಡರ್‌ಗಳ ದಾರಿ, ಕಾನ್ಫಿಗ್ ಅಲ್ಲ. ಇನ್‌ಕ್ಲೂಡ್ ಇಲ್ಲದ ಫೈಲ್‌ಗೆ ಆ ರಕ್ಷಣೆ ಇಲ್ಲ. ಸೋರ್ಸ್ ಅದೇ, ಫ್ಲ್ಯಾಗ್ ಅದೇ, ಕಂಪೈಲರ್ ಹೆಸರು ಎರಡು ಇಮೇಜ್‌ನಲ್ಲೂ ಬರೀ ಜಿಸಿಸಿ. ಕೀ ಒಂದೇ ಆಯ್ತು, ಹಳೇ ಆಬ್ಜೆಕ್ಟ್ ಕೈಗೆ ಬಂತು. ಎಲ್‌ಟಿಒ ಇದ್ದದ್ದಕ್ಕೆ ಲಿಂಕರ್ ಕೂಗಿಕೊಂಡಿತು. ಇಲ್ಲದಿದ್ದರೆ ಎರಡು ಕಂಪೈಲರ್‌ಗಳ ಆಬ್ಜೆಕ್ಟ್ ಸದ್ದಿಲ್ಲದೆ ಒಂದೇ ಬೈನರಿಯಲ್ಲಿ ಸೇರಿಹೋಗ್ತಿತ್ತು.

ಗೂಡು
ಚೆನ್ನಾಗಿ ಬಿಡಿಸಿದಿರಿ. ಕಂಪೈಲರ್_ಚೆಕ್ = ಕಂಟೆಂಟ್ ಹಾಕಿ. ಬೈನರಿಯ ಒಳಗನ್ನೇ ಹ್ಯಾಶ್ ಮಾಡುತ್ತೆ, ಇಮೇಜ್ ಎಷ್ಟು ಸಲ ಕಟ್ಟಿದರೂ ಅದೇ ಕಂಪೈಲರ್ ಆದರೆ ಅದೇ ಕೀ. ಜಿಸಿಸಿ ಡ್ರೈವರ್ (ಉಳಿದ ಭಾಗಗಳನ್ನು ಕರೆಯೋ ಜಿಸಿಸಿ ಆಜ್ಞೆ) ಪುಟ್ಟ ಬೈನರಿ, ಖರ್ಚು ಲೆಕ್ಕಕ್ಕೇ ಬರಲ್ಲ.

ಎಂಟೈಮ್_ಒಂದು
ಕಂಟೆಂಟ್ ಒಳ್ಳೇದು, ಆದರೆ ಅದರಲ್ಲೂ ಮೂರು ತೂತಿವೆ. ಹೇಳದೇ ಬಿಟ್ಟರೆ ನಾಳೆ ಇನ್ನೊಬ್ಬರು ಬೀಳ್ತಾರೆ.

ಮೊದಲನೇದು, ಹ್ಯಾಶ್ ಆಗೋದು ಡ್ರೈವರ್ ಮಾತ್ರ. ನಿಜವಾಗಿ ಕಂಪೈಲ್ ಮಾಡೋ ಸಿಸಿ1, ಸಿಸಿ1ಪ್ಲಸ್ ಬೇರೆ ಬೈನರಿಗಳು, ಅವನ್ನು ಸಿಕ್ಯಾಶ್ ನೋಡಲ್ಲ.

ಎರಡನೇದು ಕ್ಲ್ಯಾಂಗ್, ಇನ್ನೊಂದು ಕಂಪೈಲರ್. ಹಲವು ಡಿಸ್ಟ್ರೋಗಳಲ್ಲಿ ಕ್ಲ್ಯಾಂಗ್ ಬೈನರಿ ಬರೀ ತೆಳು ಸಿಪ್ಪೆ, ತಿರುಳೆಲ್ಲ ಎಲ್‌ಎಲ್‌ವಿಎಂ ಶೇರ್ಡ್ ಲೈಬ್ರರಿಯಲ್ಲಿ. ಲೈಬ್ರರಿಗೆ ಪ್ಯಾಚ್ ಬಂದು ಕೋಡ್‌ಜೆನ್ ಬದಲಾದರೂ ಸಿಪ್ಪೆ ಹಾಗೇ ಇರಬಹುದು.

ಮೂರನೇದು ರ‍್ಯಾಪರ್ ಸ್ಕ್ರಿಪ್ಟ್. ಸಿಸಿ ಅನ್ನೋದು ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟ್ ಆಗಿದ್ದು ಒಳಗೆ ಬೇರೆ ಕಂಪೈಲರ್ ಕರೀತಿದ್ದರೆ, ಹ್ಯಾಶ್ ಆಗೋದು ಆ ನಾಲ್ಕು ಸಾಲು. ಎಂಟೈಮ್ ಮೋಡ್‌ನಲ್ಲಿ ಇದು ಇನ್ನೂ ಕೆಟ್ಟದು. ನಿಕ್ಸ್ ಪ್ಯಾಕೇಜ್ ಮ್ಯಾನೇಜರ್‌ನ ಸ್ಟೋರ್‌ನಲ್ಲಿ ಎಲ್ಲಾ ಫೈಲ್‌ಗಳ ಎಂಟೈಮ್ 1. ಸ್ಟೋರ್ ದಾರಿಯ ಹ್ಯಾಶ್ ಉದ್ದ ಯಾವಾಗಲೂ ಒಂದೇ, ಹಾಗಾಗಿ ರ‍್ಯಾಪರ್‌ನ ಗಾತ್ರವೂ ಒಂದೇ ಬರಬಹುದು. ಸಮಯ ಅದೇ, ಗಾತ್ರ ಅದೇ, ಒಳಗಿನ ಕಂಪೈಲರ್ ಬೇರೆ!

ರ‍್ಯಾಪರ್ ಇದ್ದರೆ ಕಂಪೈಲರ್_ಚೆಕ್‌ಗೆ ಒಂದು ಆಜ್ಞೆಯನ್ನೇ ಕೊಡಬಹುದು: %ಕಂಪೈಲರ್% -ವಿ. ಅದರ ಔಟ್‌ಪುಟ್ ಹ್ಯಾಶ್ ಆಗುತ್ತೆ. ಇಲ್ಲಾಂದ್ರೆ ಸ್ಟ್ರಿಂಗ್: ಅಂತ ಬರೆದು ಮುಂದೆ ಇಮೇಜ್‌ನ ಡೈಜೆಸ್ಟ್ (ಇಡೀ ಇಮೇಜ್‌ನ ಹ್ಯಾಶ್) ಹಾಕಿ. ಇಮೇಜ್ ಬದಲಾದರೆ ಎಲ್ಲವೂ ಮಿಸ್, ಆದರೆ ಸುಳ್ಳು ಹಿಟ್ ಬರಲ್ಲ.

ಗೂಡು
ಡೈಜೆಸ್ಟ್ ಹಾಕಿದರೆ ಇಮೇಜ್‌ಗೆ ಕರ್ಲ್ ಅಪ್‌ಡೇಟ್ ಆದ್ರೂ 400 ಫೈಲ್ ಮತ್ತೆ ಕಂಪೈಲ್. ಅತಿ ಆಯ್ತು.

ಎಂಟೈಮ್_ಒಂದು
ದಿನಕ್ಕೆ ಹತ್ತು ಸಲ ಇಮೇಜ್ ಕಟ್ಟೋರಿಗೆ ಅತಿ. ತಿಂಗಳಿಗೊಮ್ಮೆ ಕಟ್ಟೋರಿಗೆ ತಿಂಗಳಲ್ಲಿ ಒಂದು ತಣ್ಣನೆ ಬಿಲ್ಡ್. ಸುಳ್ಳು ಮಿಸ್ ಆದರೆ ನಿಮಿಷ ಹೋಗುತ್ತೆ, ಸುಳ್ಳು ಹಿಟ್ ಆದರೆ ವಾರ ಹೋಗುತ್ತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹೊಸಚಿಗುರು
ನಡುವೆ ಒಂದು ಸಣ್ಣ ಪ್ರಶ್ನೆ. ಕನ್ನಡದಲ್ಲಿ ಬರೆದಾಗ ಈ ಕ್ಯಾಶ್, ದುಡ್ಡಿನ ಕ್ಯಾಶ್ ಎರಡೂ ಒಂದೇ ಥರ ಕಾಣುತ್ತೆ. ಬೇರೆ ಪದ ಬಳಸ್ತೀರಾ?

ಪದಕೋಶ
ಮರೆಸಂಗ್ರಹ ಅಂತ ಬರೆದರೆ ಓದೋರು ಒಂದು ಕ್ಷಣ ನಿಂತು ಯೋಚಿಸಬೇಕಾಗುತ್ತೆ. ಸಂದರ್ಭ ಗೊತ್ತಿದ್ದಾಗ ಕ್ಯಾಶ್ ಸಾಕು. ಆದರೆ ಹಳಸಿದ ಅನ್ನೋ ಪದ ಮಾತ್ರ ಇಲ್ಲಿ ಹೇಳಿ ಮಾಡಿಸಿದ ಹಾಗಿದೆ. ಹಳೇದು ಬೇರೆ, ಹಳಸಿದ್ದು ಬೇರೆ. ಆರು ತಿಂಗಳ ಹಿಂದಿನ ಆಬ್ಜೆಕ್ಟ್ ಕೀ ಸರಿಯಿದ್ದರೆ ಹಳೇದು ಅಷ್ಟೇ, ಬಳಸಬಹುದು. ಹತ್ತು ನಿಮಿಷದ ಹಿಂದಿನದು ಕೀ ತಪ್ಪಿದ್ದರೆ ಹಳಸಿದ್ದು.

ಹಳೇ_ಮೇಕ್‌ಫೈಲ್
ಇದೇ ಕಾರಣಕ್ಕೆ 7 ದಿನಕ್ಕಿಂತ ಹಳೇದೆಲ್ಲ ಅಳಿಸಿ ಅನ್ನೋ ಸಲಹೆ ಕೇಳಿದಾಗ ಸಿಟ್ಟು ಬರೋದು. ವಯಸ್ಸು ನೋಡಿ ಅಳಿಸಿದರೆ ಜಾಗ ಉಳಿಯುತ್ತೆ, ತಪ್ಪು ಉಳಿಯೋದು ಉಳಿದೇ ಉಳಿಯುತ್ತೆ.

ಅಂದಹಾಗೆ ಸಿಕ್ಯಾಶ್ ಇಲ್ಲದೆ ಬಿಲ್ಡ್ ಡೈರೆಕ್ಟರಿಯನ್ನೇ ಇಡೀ ಕ್ಯಾಶ್ ಮಾಡೋರ ಪಾಡು ಬೇರೆ. ಮೇಕ್ ನೋಡೋದು ಎಂಟೈಮ್ ಮಾತ್ರ. ಗಿಟ್ ಎಂಟೈಮ್ ಇಟ್ಟುಕೊಳ್ಳಲ್ಲ, ಹೊಸದಾಗಿ ಕ್ಲೋನ್ ಮಾಡಿದರೆ ಎಲ್ಲಾ ಸೋರ್ಸ್‌ಗೂ ಆ ಗಳಿಗೆಯ ಸಮಯ. ಕ್ಯಾಶ್‌ನಿಂದ ಬಂದ .ಒ ಫೈಲ್‌ಗಳೆಲ್ಲ ಅದಕ್ಕಿಂತ ಹಳೇವು, ಎಲ್ಲವೂ ಮತ್ತೆ ಕಂಪೈಲ್. ಕ್ಯಾಶ್ ಇಳಿಸಿದ್ದೂ ದಂಡ, ಏರಿಸಿದ್ದೂ ದಂಡ.

ಬೇಗ_ಮುಗಿಸು
ಅದಕ್ಕೇ ಗಿಟ್-ರಿಸ್ಟೋರ್-ಎಂಟೈಮ್ ಇದೆಯಲ್ಲ. ಪ್ರತಿ ಫೈಲ್‌ಗೂ ಅದರ ಕೊನೇ ಕಮಿಟ್‌ನ ಸಮಯ ಹಾಕಿಕೊಡುತ್ತೆ.

ಹಳೇ_ಮೇಕ್‌ಫೈಲ್
ದಯವಿಟ್ಟು ಮೇಕ್ ಜೊತೆ ಅದನ್ನು ಬಳಸಬೇಡಿ. ಮಿಸ್ ಆಗ್ತಿದ್ದ ಬಿಲ್ಡನ್ನು ಸುಳ್ಳು ಹಿಟ್ ಬಿಲ್ಡ್ ಮಾಡಿಬಿಡುತ್ತೆ. ಗಡಿಯಾರ ಹಿಡಿದು ನೋಡಿ:

ಸೋಮವಾರ ಮಧ್ಯಾಹ್ನ 3ಕ್ಕೆ ಒಂದು ಬ್ರಾಂಚ್‌ನಲ್ಲಿ ಪಾರ್ಸರ್.ಸಿ ತಿದ್ದಿ ಕಮಿಟ್ ಆಯ್ತು. ಸೋಮವಾರ ಸಂಜೆ 5ಕ್ಕೆ ಮೇನ್ ಬ್ರಾಂಚ್ ಬಿಲ್ಡ್ ಆಯ್ತು, ಆ ತಿದ್ದುಪಡಿ ಅದರಲ್ಲಿ ಇಲ್ಲ. ಹಳೇ ಪಾರ್ಸರ್.ಸಿಯಿಂದ ಹುಟ್ಟಿದ ಪಾರ್ಸರ್.ಒ ಕ್ಯಾಶ್ ಸೇರಿತು, ಅದರ ಸಮಯ 5. ಮಂಗಳವಾರ ಬೆಳಿಗ್ಗೆ ಬ್ರಾಂಚ್ ಮರ್ಜ್ ಆಯ್ತು. ಸಿಐ ಚೆಕ್ಔಟ್ ಮಾಡಿತು, ಟೂಲ್ ಬಂದು ಪಾರ್ಸರ್.ಸಿಗೆ ಸೋಮವಾರ 3 ಗಂಟೆ ಅಂತ ಬರೆಯಿತು. ಮೇಕ್ ನೋಡುತ್ತೆ: ಸೋರ್ಸ್ 3 ಗಂಟೆದು, ಆಬ್ಜೆಕ್ಟ್ 5 ಗಂಟೆದು, ಕೆಲಸ ಇಲ್ಲ. ತಿದ್ದಿದ ಕೋಡ್ ಕಂಪೈಲ್ ಆಗಲೇ ಇಲ್ಲ, ಬಿಲ್ಡ್ ಹಸಿರು. ಪಾರ್ಸರ್.ಎಚ್‌ನಲ್ಲಿ ಸ್ಟ್ರಕ್ಟ್ ಬದಲಾಗಿದ್ದು ಅದನ್ನು ಬಳಸೋ ಇನ್ನೊಂದು ಫೈಲ್ ಬೇರೆ ಕಾರಣಕ್ಕೆ ಮತ್ತೆ ಕಂಪೈಲ್ ಆಗಿದ್ದರೆ ಮೆಮರಿ ಲೇಔಟ್ ಎರಡು ಥರ, ಟೆಸ್ಟ್ ಎಲ್ಲೋ ದೂರದಲ್ಲಿ ಬಿದ್ದು ಸಾಯುತ್ತೆ.

ಇನ್ನೊಂದು ವಿಷಯ. ಆ ಟೂಲ್‌ಗೆ ಪೂರ್ತಿ ಇತಿಹಾಸ ಬೇಕು. ಡೆಪ್ತ್ 1ರ ಕ್ಲೋನ್‌ನಲ್ಲಿ ಅದಕ್ಕೆ ಕಾಣೋದು ಒಂದೇ ಕಮಿಟ್.

ಬೇಗ_ಮುಗಿಸು
ಸರಿ, ಇದು ಹೊಳೆದಿರಲಿಲ್ಲ. ಮಾತು ವಾಪಸ್.

ತುಕ್ಕು_ಹಿಡಿಯದು
ರಸ್ಟ್ ಭಾಷೆಯ ಬಿಲ್ಡ್ ಟೂಲ್ ಕಾರ್ಗೋದಲ್ಲೂ ಇದೇ ಎಂಟೈಮ್ ಬಲೆ. ಡಾಕರ್‌ಫೈಲ್‌ನಲ್ಲಿ ಬಹಳ ಜನ ಮಾಡೋ ತಂತ್ರ: ಮೊದಲು ಕಾರ್ಗೋ.ಟಾಮಲ್, ಕಾರ್ಗೋ.ಲಾಕ್ ಮಾತ್ರ ಕಾಪಿ ಮಾಡಿ, ಖಾಲಿ ಮೇನ್.ಆರ್‌ಎಸ್ ಬರೆದು ಡಿಪೆಂಡೆನ್ಸಿಗಳನ್ನೆಲ್ಲ ಬಿಲ್ಡ್ ಮಾಡೋದು. ಆ ಲೇಯರ್ ಕ್ಯಾಶ್ ಆಗುತ್ತೆ. ಆಮೇಲೆ ನಿಜವಾದ ಸೋರ್ಸ್ ಕಾಪಿ ಮಾಡಿ ಮತ್ತೆ ಬಿಲ್ಡ್.

ದಿನಾ ಸರಿಯಾಗೇ ಓಡುತ್ತೆ. ಯಾಕಂದ್ರೆ ಲೇಯರ್ ನಿನ್ನೆದು, ಚೆಕ್ಔಟ್ ಇವತ್ತಿನದು, ಸೋರ್ಸ್ ಹೊಸದಾಗಿ ಕಾಣುತ್ತೆ. ಕಾರ್ಗೋ.ಲಾಕ್ ಬದಲಾದ ದಿನ ಮಾತ್ರ ತಿರುಗುಮುರುಗು. ಚೆಕ್ಔಟ್ 10:00ಕ್ಕೆ, ಲೇಯರ್ ಹೊಸದಾಗಿ ಕಟ್ಟಿದ್ದು 10:02ಕ್ಕೆ. ಡಾಕರ್ ಕಾಪಿ ಮಾಡುವಾಗ ಎಂಟೈಮ್ ಹಾಗೇ ಉಳಿಸಿಕೊಳ್ಳುತ್ತೆ, ಹಾಗಾಗಿ ನಿಜವಾದ ಮೇನ್.ಆರ್‌ಎಸ್ 10:00ದ್ದು, ಖಾಲಿ ಬೈನರಿ 10:02ದ್ದು. ಕಾರ್ಗೋ ಲೆಕ್ಕದಲ್ಲಿ ಎಲ್ಲ ತಾಜಾ. ಏನೂ ಮಾಡದ ಖಾಲಿ ಬೈನರಿ ಇಮೇಜ್ ಸೇರುತ್ತೆ, ಕಂಟೇನರ್ ಶುರುವಾದ ತಕ್ಷಣ ಎಕ್ಸಿಟ್ ಕೋಡ್ 0 ಕೊಟ್ಟು ಮುಗಿಯುತ್ತೆ.

ಪರಿಹಾರ ಒಂದೇ ಸಾಲು: ಎರಡನೇ ಬಿಲ್ಡ್‌ಗೆ ಮುಂಚೆ ಟಚ್ ಎಸ್‌ಆರ್‌ಸಿ/ಮೇನ್.ಆರ್‌ಎಸ್. ಲೈಬ್ರರಿ ಕ್ರೇಟ್ ಇದ್ದರೆ ಲಿಬ್.ಆರ್‌ಎಸ್ ಕೂಡ. ಕೈಯಲ್ಲಿ ಮಾಡೋದು ಬೇಡ ಅಂದರೆ ಕಾರ್ಗೋ-ಶೆಫ್ ಬಳಸಿ.

ಹೊಸಚಿಗುರು
ಕಾರ್ಗೋ ಔಟ್‌ಪುಟ್ ಇಡೋ ಟಾರ್ಗೆಟ್ ಡೈರೆಕ್ಟರಿ ಬದಲು ಎಸ್‌ಸಿಕ್ಯಾಶ್ (ರಸ್ಟ್‌ಗೂ ನಡೆಯೋ ಸಿಕ್ಯಾಶ್ ಥರದ ಟೂಲ್) ಬಳಸಿದರೆ ಈ ತೊಂದರೆ ಇಲ್ಲ ಅಲ್ವಾ?

ತುಕ್ಕು_ಹಿಡಿಯದು
ಎಂಟೈಮ್ ತೊಂದರೆ ಇಲ್ಲ, ಅದು ಒಳಗಿನ ಹ್ಯಾಶ್ ನೋಡೋದು. ಎರಡು ವಿಷಯ ನೆನಪಿರಲಿ. ಇನ್‌ಕ್ರಿಮೆಂಟಲ್ ಕಂಪೈಲ್ ಆದದ್ದನ್ನು ಅದು ಕ್ಯಾಶ್ ಮಾಡಲ್ಲ, ಸಿಐನಲ್ಲಿ ಕಾರ್ಗೋ_ಇನ್‌ಕ್ರಿಮೆಂಟಲ್=0 ಹಾಕಿ. ಮತ್ತೆ ಪ್ರೊಕ್ ಮ್ಯಾಕ್ರೋ (ಕಂಪೈಲ್ ವೇಳೆ ಕೋಡ್ ಬರೆದುಕೊಡೋ ರಸ್ಟ್ ಕೋಡ್) ಒಂದು ತಾನೇ ಡಿಸ್ಕ್‌ನಿಂದ ಎಸ್‌ಕ್ಯೂಎಲ್ ಫೈಲೋ ಸ್ಕೀಮಾನೋ ಓದ್ತಿದ್ದರೆ ಅದು ಯಾರ ಗಮನಕ್ಕೂ ಬರಲ್ಲ. ಸ್ಕೀಮಾ ಬದಲಾಯ್ತು, .ಆರ್‌ಎಸ್ ಬದಲಾಗಿಲ್ಲ, ಹಳೇ ಕೋಡ್ ವಾಪಸ್. ಆ ಫೈಲನ್ನು ಇನ್‌ಕ್ಲೂಡ್_ಸ್ಟ್ರ್! ಮೂಲಕ ಕೋಡ್‌ನಲ್ಲೂ ಉಲ್ಲೇಖಿಸಿದರೆ ಡಿಪೆಂಡೆನ್ಸಿ ಪಟ್ಟಿಗೆ ಸೇರುತ್ತೆ.

ಬಿಲ್ಡ್.ಆರ್‌ಎಸ್ (ಕಂಪೈಲ್‌ಗೆ ಮುಂಚೆ ಓಡೋ ಬಿಲ್ಡ್ ಸ್ಕ್ರಿಪ್ಟ್) ಬರೆಯೋರೂ ನೋಡಿ: ರೀರನ್-ಇಫ್-ಚೇಂಜ್ಡ್ ಒಂದೂ ಬರೆಯದಿದ್ದರೆ ಪ್ಯಾಕೇಜ್‌ನ ಯಾವ ಫೈಲ್ ಬದಲಾದರೂ ಸ್ಕ್ರಿಪ್ಟ್ ಓಡುತ್ತೆ. ಒಂದು ಬರೆದ ಕ್ಷಣದಿಂದ ಬರೆದಷ್ಟು ಮಾತ್ರ. ಅರ್ಧ ಪಟ್ಟಿ ಬರೆಯೋದು ಬರೆಯದೇ ಇರೋದಕ್ಕಿಂತ ಅಪಾಯ.

ಕೀಲಿಕೈ
ಗಿಟ್‌ಹಬ್ ಆಕ್ಷನ್ಸ್ ಬಳಸೋರಿಗೆ ಒಂದು ಮಾತು. ಅಲ್ಲಿ ಒಂದು ಕೀಗೆ ಒಮ್ಮೆ ಕ್ಯಾಶ್ ಉಳಿಸಿದರೆ ಅದನ್ನು ತಿದ್ದೋಕಾಗಲ್ಲ. ಕೀ ಬರೀ ಲಾಕ್‌ಫೈಲ್‌ನ ಹ್ಯಾಶ್ ಆಗಿದ್ದರೆ ಮೊದಲ ದಿನದ ಸಂಗ್ರಹವೇ ಕೊನೇವರೆಗೂ. ದಿನ ಕಳೆದ ಹಾಗೆ ಹಿಟ್ ಕುಸಿಯುತ್ತೆ, ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ. ಕಂಪೈಲರ್ ಕ್ಯಾಶ್‌ಗೆ ಕೀ ಕೊನೆಯಲ್ಲಿ ಕಮಿಟ್ ಹ್ಯಾಶ್ ಸೇರಿಸಿ, ರಿಸ್ಟೋರ್-ಕೀಸ್‌ನಲ್ಲಿ ಅದರ ಮುಂಭಾಗ ಮಾತ್ರ ಕೊಡಿ. ಪ್ರತಿ ಸಲ ಹೊಸದು ಉಳಿಯುತ್ತೆ, ಹತ್ತಿರದ ಹಳೇದು ಇಳಿಯುತ್ತೆ.

ಇನ್ನೂ ದೊಡ್ಡ ತಪ್ಪು ಕೀಯಲ್ಲಿ ರನ್ನರ್.ಓಎಸ್ (ಜಾಬ್ ಓಡೋ ಯಂತ್ರದ ಓಎಸ್ ಹೆಸರು) ನಂಬೋದು. ಅದರಲ್ಲಿ ಬರೋದು ಬರೀ ಲಿನಕ್ಸ್. ಉಬುಂಟು 22.04 ಆದರೂ ಲಿನಕ್ಸ್, 24.04 ಆದರೂ ಲಿನಕ್ಸ್. ಮೊದಲನೆಯದರಲ್ಲಿ ಜಿಲಿಬ್‌ಸಿ (ಸಿಸ್ಟಂನ ಸಿ ಲೈಬ್ರರಿ) 2.35, ಎರಡನೆಯದರಲ್ಲಿ 2.39. ಉಬುಂಟು-ಲೇಟೆಸ್ಟ್ ಅನ್ನು 24.04ಕ್ಕೆ ಹಂತ ಹಂತವಾಗಿ ಸಾಗಿಸಿದರು, 2024ರ ಕೊನೆಯಿಂದ 2025ರ ಜನವರಿವರೆಗೆ. ಆಗ ಒಂದೇ ವರ್ಕ್‌ಫ್ಲೋದ ಒಂದು ಜಾಬ್ ಹೊಸದರಲ್ಲಿ, ಇನ್ನೊಂದು ಹಳೇದರಲ್ಲಿ ಓಡಬಹುದಿತ್ತು. ಹೊಸದರಲ್ಲಿ ಹುಟ್ಟಿದ ಬಿಲ್ಡ್ ಸ್ಕ್ರಿಪ್ಟ್ ಬೈನರಿ ಹಳೇದಕ್ಕೆ ಇಳಿದರೆ ಜಿಲಿಬ್‌ಸಿ 2.39 ಸಿಗಲಿಲ್ಲ ಅಂತ ಸಾಯುತ್ತೆ. ಇದರ ಉಲ್ಟಾ ಮಾತ್ರ ನಡೆಯುತ್ತೆ, ಹಳೇ ಜಿಲಿಬ್‌ಸಿಗೆ ಕಟ್ಟಿದ್ದು ಹೊಸದರಲ್ಲಿ ಓಡುತ್ತೆ. ಹಾಗಾಗಿ ಒಂದು ಸಲ ಕೆಂಪು, ಒಂದು ಸಲ ಹಸಿರು. ಲೇಟೆಸ್ಟ್ ಬಿಟ್ಟು ಉಬುಂಟು-24.04 ಅಂತ ಸ್ಪಷ್ಟವಾಗಿ ಬರೆಯಿರಿ, ಕೀ ಒಳಗೂ ಅದನ್ನೇ ಹಾಕಿ.

ಗೂಡು
ಗಿಟ್‌ಲ್ಯಾಬ್‌ನಲ್ಲಿ ಕ್ಯಾಶ್:ಕೀ:ಫೈಲ್ಸ್ ಇದೆ, ಎರಡು ಫೈಲ್‌ವರೆಗೆ ಕೊಡಬಹುದು. ಟೂಲ್‌ಚೈನ್ ಆವೃತ್ತಿ ಬರೆದ ಒಂದು ಪುಟ್ಟ ಫೈಲ್ ರೆಪೋದಲ್ಲಿ ಇಟ್ಟು ಅದನ್ನು ಕೀಗೆ ಕೊಟ್ಟರೆ ಆವೃತ್ತಿ ಏರಿಸೋ ಕಮಿಟ್ಟೇ ಕ್ಯಾಶನ್ನೂ ಬೇರೆ ಮಾಡುತ್ತೆ.

ಬೀಜಗಣಿತ
ಯಾರೂ ಹೇಳದ ಒಂದು: -ಮಾರ್ಚ್=ನೇಟಿವ್. ಫ್ಲ್ಯಾಗ್‌ನ ಅಕ್ಷರ ಎಲ್ಲಾ ಯಂತ್ರದಲ್ಲೂ ಒಂದೇ, ಅರ್ಥ ಪ್ರತಿ ಸಿಪಿಯುಗೂ ಬೇರೆ. ಎವಿಎಕ್ಸ್-512 ಸಿಪಿಯು ಸೂಚನೆಗಳು ಇರೋ ರನ್ನರ್‌ನಲ್ಲಿ ಕಟ್ಟಿದ ಬಿಲ್ಡ್ ಡೈರೆಕ್ಟರಿ ಅದು ಇಲ್ಲದ ರನ್ನರ್‌ಗೆ ಇಳಿದರೆ ಟೆಸ್ಟ್ ಎಕ್ಸಿಟ್ ಕೋಡ್ 132 ಕೊಟ್ಟು ಸಾಯುತ್ತೆ. 128ಕ್ಕೆ 4 ಸೇರಿಸಿದ್ದು, ಸಿಗ್‌ಇಲ್, ಅಂದರೆ ಸಿಪಿಯುಗೆ ಗೊತ್ತಿಲ್ಲದ ಸೂಚನೆ. 132 ಕಂಡರೆ ಮೊದಲು ಹುಡುಕಬೇಕಾದ್ದು ನೇಟಿವ್. ಬದಲಿಗೆ ಎಕ್ಸ್86-64-ವಿ3 ಥರ ಮಟ್ಟವನ್ನೇ ಬರೆಯಿರಿ, ಜಿಸಿಸಿ 11, ಕ್ಲ್ಯಾಂಗ್ 12ರಿಂದ ಸಿಗುತ್ತೆ.

ಹೆಡರ್_ಹುಡುಕ
ಇದಕ್ಕೆ ಹತ್ತಿರದ್ದೇ ಇನ್ನೊಂದು ದೂರು. ಹೆಡರ್ ಒಂದನ್ನು ಅಳಿಸಿದ ಕಮಿಟ್ ಬಂದ ಕೂಡಲೇ ಮೇಕ್ ಹೇಳುತ್ತೆ: ಈ ಹೆಡರ್ ಮಾಡೋಕೆ ನನ್ನ ಹತ್ತಿರ ನಿಯಮ ಇಲ್ಲ. ಸೋರ್ಸ್‌ನಲ್ಲಿ ಎಲ್ಲೂ ಆ ಹೆಸರಿಲ್ಲ, ಎಷ್ಟು ಗ್ರೆಪ್ ಮಾಡಿದರೂ ಸಿಗಲ್ಲ.

ಹಳೇ_ಮೇಕ್‌ಫೈಲ್
ಹೆಸರು ಇರೋದು ಕ್ಯಾಶ್‌ನಿಂದ ಬಂದ .ಡಿ ಫೈಲ್‌ಗಳಲ್ಲಿ (ಯಾವ ಆಬ್ಜೆಕ್ಟ್‌ಗೆ ಯಾವ ಹೆಡರ್ ಬೇಕು ಅನ್ನೋ ಪಟ್ಟಿ). -ಎಂಎಂಡಿ ಜೊತೆ -ಎಂಪಿ ಕೂಡ ಕೊಡಿ. ಪ್ರತಿ ಹೆಡರ್‌ಗೂ ಒಂದು ಖಾಲಿ ನಿಯಮ ಬರೆಯುತ್ತೆ, ಹೆಡರ್ ಮಾಯವಾದರೂ ಮೇಕ್ ನಿಲ್ಲಲ್ಲ, ಅದನ್ನು ಅವಲಂಬಿಸಿದ್ದನ್ನು ಮತ್ತೆ ಕಟ್ಟುತ್ತೆ. ಈಗಾಗಲೇ ಇರೋ .ಡಿ ಫೈಲ್‌ಗಳಲ್ಲಿ ಆ ನಿಯಮ ಇಲ್ಲ, ಒಂದು ಸಲ ಅಳಿಸಲೇಬೇಕು.

ಮೇಕ್ ಸಿಫ್ಲ್ಯಾಗ್ಸ್ (ಕಂಪೈಲರ್‌ಗೆ ಕೊಡೋ ಫ್ಲ್ಯಾಗ್‌ಗಳು) ಬದಲಾವಣೆಯನ್ನೂ ಗಮನಿಸಲ್ಲ. ನಿಂಜಾ ಅನ್ನೋ ಬಿಲ್ಡ್ ಟೂಲ್ ಗಮನಿಸುತ್ತೆ, ತನ್ನ ಲಾಗ್‌ನಲ್ಲಿ ಪ್ರತಿ ಔಟ್‌ಪುಟ್‌ನ ಆಜ್ಞೆಯ ಹ್ಯಾಶ್ ಇಟ್ಟುಕೊಂಡಿರುತ್ತೆ. ಬಿಲ್ಡ್ ಡೈರೆಕ್ಟರಿ ಕ್ಯಾಶ್ ಮಾಡಲೇಬೇಕು ಅಂತಿದ್ದರೆ ಕನಿಷ್ಠ ನಿಂಜಾ ಬಳಸಿ.

ಹೆಡರ್_ಹುಡುಕ
-ಎಂಪಿ ಹಾಕಿದೆ, ಸರಿಹೋಯ್ತು. ಪ್ರೀಕಂಪೈಲ್ಡ್ ಹೆಡರ್ (ಪಿಸಿಎಚ್, ಮೊದಲೇ ಕಂಪೈಲ್ ಮಾಡಿಟ್ಟ ಹೆಡರ್) ಬಗ್ಗೆಯೂ ಹೇಳಿ. ಕ್ಲ್ಯಾಂಗ್‌ನಲ್ಲಿ, ಪಿಸಿಎಚ್ ಕಟ್ಟಿದ ಮೇಲೆ ಹೆಡರ್ ಬದಲಾಗಿದೆ ಅನ್ನುತ್ತೆ, ಆದರೆ ಒಂದು ಅಕ್ಷರವೂ ಬದಲಾಗಿಲ್ಲ.

ಎಂಟೈಮ್_ಒಂದು
ಬದಲಾಗಿರೋದು ಎಂಟೈಮ್. ಕ್ಲ್ಯಾಂಗ್ ಪಿಸಿಎಚ್ ಒಳಗೆ ಹೆಡರ್‌ಗಳ ಸಮಯ ಬರೆದಿಡುತ್ತೆ, ಹೊಸ ಚೆಕ್ಔಟ್‌ನಲ್ಲಿ ಅದು ಹೊಂದಲ್ಲ. -ಎಕ್ಸ್‌ಕ್ಲ್ಯಾಂಗ್ -ಎಫ್‌ನೋ-ಪಿಸಿಎಚ್-ಟೈಮ್‌ಸ್ಟ್ಯಾಂಪ್ ಕೊಟ್ಟರೆ ಸಮಯ ಬರೆಯಲ್ಲ. ಸಿಕ್ಯಾಶ್ ಜೊತೆಗಾದರೆ ಸ್ಲಾಪಿನೆಸ್‌ನಲ್ಲಿ ಪಿಸಿಎಚ್_ಡಿಫೈನ್ಸ್, ಟೈಮ್_ಮ್ಯಾಕ್ರೋಸ್ ಎರಡೂ ಬೇಕು. ಜಿಸಿಸಿಗೆ -ಎಫ್‌ಪಿಸಿಎಚ್-ಪ್ರೀಪ್ರೊಸೆಸ್ ಬೇಕು.

ಗೋಲಿ
ಗೋ ಭಾಷೆ ಬಳಸೋರಿಗೆ ಇದ್ಯಾವುದೂ ಇಲ್ಲ. ಬಿಲ್ಡ್ ಕ್ಯಾಶ್ ಪೂರ್ತಿ ಹ್ಯಾಶ್ ಮೇಲೆ, ಟೂಲ್‌ಚೈನ್ ಕೂಡ ಕೀ ಒಳಗೇ.

ಲಿಂಕರ್_ಕಣ್ಣು
ಸಿಗೋ (ಗೋದಿಂದ ಸಿ ಕೋಡ್ ಕರೆಯೋ ದಾರಿ) ಬಳಸದೇ ಇದ್ದರೆ. ಸಿಗೋ ಮೂಲಕ ಸೇರಿಸಿಕೊಂಡ ಸಿಸ್ಟಂ ಸಿ ಲೈಬ್ರರಿ ಬದಲಾದರೆ ಗೋ ಕ್ಯಾಶ್‌ಗೆ ಗೊತ್ತಾಗಲ್ಲ, ಗೋ ಹೆಲ್ಪ್ ಕ್ಯಾಶ್ ಅಂತ ಕೊಟ್ಟರೆ ಅದೇ ಈ ಮಾತು ಹೇಳುತ್ತೆ. ಆಗ ಗೋ ಕ್ಲೀನ್ -ಕ್ಯಾಶ್, ಇಲ್ಲವೇ ಬಿಲ್ಡ್‌ಗೆ -ಎ.

ಗೋಲಿ
ಒಪ್ಪಿದೆ. ಸಿಗೋ ಮರೆತಿದ್ದೆ.

ಬಜೆಲ್_ಬಂಟ
ಬಜೆಲ್ ಅನ್ನೋ ಬಿಲ್ಡ್ ಟೂಲ್‌ನಲ್ಲೂ ಹರ್ಮೆಟಿಕ್ (ಹೊರಗಿನದ್ದು ಯಾವುದೂ ಸೋಕಲ್ಲ) ಅಂತ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. ವರ್ಕ್‌ಸ್ಪೇಸ್ ಹೊರಗಿನ ಟೂಲ್‌ಗಳನ್ನು ಅದು ಲೆಕ್ಕಕ್ಕೆ ತಗೊಳ್ಳಲ್ಲ. ಎರಡು ಯಂತ್ರದಲ್ಲಿ ಬೇರೆ ಬೇರೆ ಸಿಸ್ಟಂ ಜಿಸಿಸಿ, ರಿಮೋಟ್ ಕ್ಯಾಶ್ ಒಂದೇ ಅಂದರೆ ಮೊದಲ ಪೋಸ್ಟ್‌ನ ಕಥೆಯೇ ಮತ್ತೆ. ಟೂಲ್‌ಚೈನನ್ನು ವರ್ಕ್‌ಸ್ಪೇಸ್ ಒಳಗೆ ತನ್ನಿ.

ಕೆಂಪು_ಪೈಪ್‌ಲೈನ್
ಬಹಳ ಕಲಿತಂತಾಯ್ತು. ಮುಂದಿನ ಸಲ ಹೀಗಾದರೆ, ಇದು ಕ್ಯಾಶ್ ತಪ್ಪೋ ಕೋಡ್ ತಪ್ಪೋ ಅಂತ ಅಳಿಸದೆಯೇ ಹೇಗೆ ಪತ್ತೆ ಮಾಡೋದು? ಅಳಿಸಿದರೆ ಸಾಕ್ಷಿಯೇ ಹೋಗುತ್ತೆ.

ಲಿಂಕರ್_ಕಣ್ಣು
ಸರಿಯಾದ ಪ್ರಶ್ನೆ. ಮೊದಲು ಕೆಂಪಾದ ಜಾಬ್‌ನ ಕ್ಯಾಶ್ ಡೈರೆಕ್ಟರಿಯನ್ನು ಹಾಗೇ ಆರ್ಟಿಫ್ಯಾಕ್ಟ್ ಆಗಿ ತೆಗೆದಿಟ್ಟುಕೊಳ್ಳಿ. ಆಮೇಲೆ ಅದೇ ಕಮಿಟ್, ಅದೇ ಇಮೇಜ್‌ನಲ್ಲಿ ಸಿಕ್ಯಾಶ್_ಡಿಸೇಬಲ್=1 ಹಾಕಿ ಬಿಲ್ಡ್ ಮಾಡಿ. ಅದೂ ಕೆಂಪಾದರೆ ತಪ್ಪು ಕೋಡ್‌ನದ್ದು, ಕ್ಯಾಶ್ ಬಿಟ್ಟುಬಿಡಿ.

ಹಸಿರಾದರೆ ಎರಡೂ ಬಿಲ್ಡ್‌ನ ಆಬ್ಜೆಕ್ಟ್‌ಗಳನ್ನು ಸಿಎಂಪಿ ಆಜ್ಞೆಯಿಂದ ಬೈಟ್ ಬೈಟ್ ಹೋಲಿಸಿ, ಯಾವುದು ಬೇರೆ ಅಂತ ಸಿಗುತ್ತೆ. ಇದಕ್ಕೆ ಬಿಲ್ಡ್ ಪ್ರತಿ ಸಲ ಒಂದೇ ಬೈಟ್ ಕೊಡಬೇಕು. ಎಲ್‌ಟಿಒ ಇದ್ದರೆ ಸೆಕ್ಷನ್ ಹೆಸರಲ್ಲೇ ರ‍್ಯಾಂಡಮ್ ಬಾಲ ಇರುತ್ತೆ, -ಎಫ್‌ರ‍್ಯಾಂಡಮ್-ಸೀಡ್‌ಗೆ ಸೋರ್ಸ್‌ನ ಹೆಸರು ಕೊಟ್ಟು ಕಟ್ಟಿಹಾಕಿ. __ಡೇಟ್__ ಇದ್ದರೆ ಸೋರ್ಸ್_ಡೇಟ್_ಎಪಾಕ್ ಕೊಡಿ. ದಾರಿಗಳಿಗೆ -ಎಫ್‌ಫೈಲ್-ಪ್ರಿಫಿಕ್ಸ್-ಮ್ಯಾಪ್.

ಬೇರೆಯಾದ ಫೈಲ್ ಸಿಕ್ಕ ಮೇಲೆ ಸಿಕ್ಯಾಶ್_ಡೀಬಗ್=1 ಹಾಕಿ ಅದೊಂದನ್ನೇ ಎರಡು ಇಮೇಜ್‌ನಲ್ಲೂ ಕಂಪೈಲ್ ಮಾಡಿ. ಆಬ್ಜೆಕ್ಟ್ ಪಕ್ಕದಲ್ಲಿ ಇನ್‌ಪುಟ್-ಟೆಕ್ಸ್ಟ್ ಅಂತ ಕೊನೆಯಾಗೋ ಫೈಲ್ ಬರುತ್ತೆ, ಹ್ಯಾಶ್‌ಗೆ ಏನೇನು ಹೋಯ್ತು ಅಂತ ಸಾಲು ಸಾಲಾಗಿ ಅದರಲ್ಲಿದೆ. ಎರಡಕ್ಕೂ ಡಿಫ್ ಹಾಕಿ. ನಿಮ್ಮ ವಿಷಯದಲ್ಲಿ ಡಿಫ್ ಖಾಲಿ ಬರುತ್ತೆ. ಕಂಪೈಲರ್ ಬೇರೆ, ಆದರೂ ಡಿಫ್ ಖಾಲಿ ಅಂದರೆ ಕಂಪೈಲರ್ ಕೀಯಲ್ಲಿ ಇಲ್ಲ ಅಂತ ಕಣ್ಣೆದುರೇ ಕಾಣುತ್ತೆ.

ಕೆಟ್ಟ ಎಂಟ್ರಿಗಳನ್ನು ಸರಿಮಾಡೋಕೂ ಎಲ್ಲ ಅಳಿಸಬೇಕಿಲ್ಲ. ಸಿಕ್ಯಾಶ್_ರೀಕ್ಯಾಶ್=1 ಹಾಕಿ ಒಂದು ಸಲ ಓಡಿಸಿದರೆ ಹಳೇದನ್ನು ಓದದೆ ಹೊಸದನ್ನು ಅದರ ಮೇಲೆ ಬರೆಯುತ್ತೆ.

ಕಾವಲು
ಸಂಗ್ರಹಕ್ಕೆ ಯಾರು ಬರೀತಾರೆ ಅನ್ನೋದೂ ಮುಖ್ಯ. ಎಲ್ಲಾ ಬ್ರಾಂಚ್‌ಗೂ ಬರೆಯೋ ಹಕ್ಕು ಕೊಟ್ಟಿದ್ದೇ ಇಲ್ಲಿ ಅರ್ಧ ತಪ್ಪು. ಮೇನ್ ಬ್ರಾಂಚ್ ಮಾತ್ರ ಬರೆಯಲಿ, ಉಳಿದವು ಓದಲಿ: ಸಿಕ್ಯಾಶ್‌ನಲ್ಲಿ ರೀಡ್_ಓನ್ಲಿ, ಗಿಟ್‌ಲ್ಯಾಬ್‌ನಲ್ಲಿ ಪಾಲಿಸಿ: ಪುಲ್, ಗಿಟ್‌ಹಬ್‌ನಲ್ಲಿ ಕ್ಯಾಶ್/ರಿಸ್ಟೋರ್ ಮಾತ್ರ ಕರೆಯಿರಿ. ಹೊರಗಿನವರ ಪುಲ್ ರಿಕ್ವೆಸ್ಟ್ ಹಂಚಿಕೆಯ ಕ್ಯಾಶ್‌ಗೆ ಬರೆಯೋ ಹಾಗಿದ್ದರೆ, ಬೇಕಂತಲೇ ಕೆಟ್ಟ ಆಬ್ಜೆಕ್ಟ್ ಇಟ್ಟು ಹೋಗೋಕೂ ದಾರಿ ಮಾಡಿಕೊಟ್ಟ ಹಾಗೆ.

ಬಿಡುಗಡೆಯ ಬಿಲ್ಡ್ ಅಂತೂ ಕ್ಯಾಶ್ ಇಲ್ಲದೆಯೇ ಆಗಬೇಕು. ಇದರಲ್ಲಿ ರಾಜಿ ಬೇಡ.

ಬಜೆಲ್_ಬಂಟ
ಒಪ್ಪಲ್ಲ. ಟೆಸ್ಟ್ ಓಡಿದ್ದು ಕ್ಯಾಶ್ ಇದ್ದ ಬಿಲ್ಡ್ ಮೇಲೆ, ಜನರ ಕೈಗೆ ಹೋಗೋದು ಕ್ಯಾಶ್ ಇಲ್ಲದ ಬಿಲ್ಡ್ ಅಂದರೆ ಟೆಸ್ಟ್ ಆಗದ ಬೈನರಿಯನ್ನೇ ಕಳಿಸಿದ ಹಾಗಾಯ್ತು. ಕ್ಯಾಶ್ ನಂಬೋಕಾಗಲ್ಲ ಅಂದರೆ ಟೆಸ್ಟ್‌ನಲ್ಲೂ ನಂಬಬೇಡಿ.

ಕಾವಲು
ಬಿಡುಗಡೆಯ ಬೈನರಿ ಮೇಲೆ ಟೆಸ್ಟ್ ಇನ್ನೊಂದು ಸಲ ಓಡಿಸಿ. ಬಿಡುಗಡೆ ದಿನಾ ಆಗಲ್ಲವಲ್ಲ.

ಬಜೆಲ್_ಬಂಟ
ಹಾಗಾದರೆ ಸರಿ. ಆದರೂ ನನ್ನ ಮತ ರಾತ್ರಿ ಬಿಲ್ಡ್‌ಗೆ. ದಿನಕ್ಕೊಂದು ಸಲ ಮೇನ್ ಬ್ರಾಂಚನ್ನು ಕ್ಯಾಶ್ ಇಟ್ಟು ಒಮ್ಮೆ, ಇಲ್ಲದೆ ಒಮ್ಮೆ ಕಟ್ಟಿ ಎರಡರ ಹ್ಯಾಶ್ ಹೋಲಿಸಿ. ಬೇರೆ ಬಂದ ರಾತ್ರಿಯೇ ಗೊತ್ತಾಗುತ್ತೆ, ಬಿಡುಗಡೆವರೆಗೆ ಕಾಯಬೇಕಿಲ್ಲ.

ಗೂಡು
ಡೈರೆಕ್ಟ್ ಮೋಡ್ ಬಗ್ಗೆ ಒಂದು ಬಿಟ್ಟುಹೋಯ್ತು. ಇನ್‌ಕ್ಲೂಡ್ ದಾರಿಯಲ್ಲಿ ಮೊದಲು ಬರೋ ಡೈರೆಕ್ಟರಿಗೆ ಅದೇ ಹೆಸರಿನ ಹೊಸ ಹೆಡರ್ ಬಂದರೆ ಕಂಪೈಲರ್ ಹೊಸದನ್ನು ತಗೊಳ್ಳುತ್ತೆ. ಮ್ಯಾನಿಫೆಸ್ಟ್‌ನಲ್ಲಿ ಇರೋದು ಹಳೇದು, ಅದು ಬದಲಾಗಿಲ್ಲ, ಹಾಗಾಗಿ ಹಿಟ್. ಅಪರೂಪ, ಆದರೆ ಲೈಬ್ರರಿಯ ಪ್ರತಿಯನ್ನು ರೆಪೋ ಒಳಗೆ ತಂದಿಟ್ಟ ಕಮಿಟ್‌ಗಳಲ್ಲಿ ಸರಿಯಾಗಿ ಹೀಗೇ ಆಗೋದು. ಆ ಒಂದು ಸಲ ರೀಕ್ಯಾಶ್ ಮಾಡಿ.

ಕೆಂಪು_ಪೈಪ್‌ಲೈನ್
ಮಾಡಿ ನೋಡಿದ ಫಲಿತಾಂಶ. ಇನ್‌ಪುಟ್-ಟೆಕ್ಸ್ಟ್ ಡಿಫ್ ಹೇಳಿದಂತೆ ಪೂರ್ತಿ ಖಾಲಿ ಬಂತು. ಕಂಪೈಲರ್_ಚೆಕ್ ಅನ್ನು %ಕಂಪೈಲರ್% -ವಿ ಮಾಡಿದ ಮೇಲೆ ಅದೇ ಡಿಫ್‌ನಲ್ಲಿ ಆವೃತ್ತಿ ಸಾಲು ಬೇರೆ ಬರ್ತಿದೆ. ಹಳೇ ಬ್ರಾಂಚ್ ಬೇಕಂತಲೇ ಮೂರು ಸಲ ಓಡಿಸಿ ಆಮೇಲೆ ಹೊಸದನ್ನು ಓಡಿಸಿದರೂ ಲಿಂಕ್ ಹಸಿರು. ಹಳೇ ಬ್ರಾಂಚ್‌ಗಳಿಗೆ ರೀಡ್_ಓನ್ಲಿ ಹಾಕಿಯಾಗಿದೆ, ರಾತ್ರಿಯ ಹೋಲಿಕೆ ಬಿಲ್ಡೂ ಸೇರಿದೆ.

ಹೋಲಿಕೆಯಲ್ಲಿ ಒಂದೇ ಆಬ್ಜೆಕ್ಟ್ ಇನ್ನೂ ಬೇರೆ ಬರ್ತಿದೆ, ಆವೃತ್ತಿ ತೋರಿಸೋ ಫೈಲ್. ಅದರಲ್ಲಿ __ಟೈಮ್__ (ಕಂಪೈಲ್ ಆದ ಸಮಯ ಕೊಡೋ ಮ್ಯಾಕ್ರೋ) ಇದೆ.

ಲಿಂಕರ್_ಕಣ್ಣು
ಸ್ಲಾಪಿನೆಸ್‌ನಿಂದ ಟೈಮ್_ಮ್ಯಾಕ್ರೋಸ್ ತೆಗೀರಿ. ಅದು ಇರೋವರೆಗೆ ಸಿಕ್ಯಾಶ್ ಆ ಮ್ಯಾಕ್ರೋ ಇದ್ದರೂ ಕಂಡೂ ಕಾಣದ ಹಾಗೆ ಹಳೇ ಸಮಯವನ್ನೇ ಕೊಡುತ್ತೆ. ಪಿಸಿಎಚ್ ಬಳಸ್ತಿಲ್ಲ ಅಂದರೆ ನಿಮಗೆ ಅದು ಬೇಕಾಗೇ ಇಲ್ಲ. ಆ ಫೈಲ್‌ನಲ್ಲೂ __ಟೈಮ್__ ಬದಲು ಕಮಿಟ್ ಹ್ಯಾಶ್ ಹಾಕಿ, ಅದೊಂದೇ ಫೈಲ್‌ಗೆ -ಡಿ ಮೂಲಕ ಕೊಡಿ. ಎಲ್ಲಾ ಫೈಲ್‌ಗೂ ಕೊಟ್ಟರೆ ಪ್ರತಿ ಕಮಿಟ್‌ಗೂ 400 ಮಿಸ್.